ಸಾಕು ಎಂದರೆ ನಿಲ್ಲುವ ಹಾಡು

ಸತ್ತವರ ಬಗ್ಗೆ ಬರೆಯುವುದು ಸುಲಭ. ಅವರು ಎದ್ದು ನಿಂತು ಪ್ರತಿವಾದ ಮಾಡುವುದಿಲ್ಲ. ನಾನು ಬರೆಯಹೊರಟಿರುವ ಅಕ್ಕೋರು ಬದುಕಿದ್ದಾರೆ, ಕನ್ನಡ ಓದುತ್ತಾರೆ, ತಪ್ಪು ಹುಡುಕುವುದರಲ್ಲಿ ನನಗಿಂತ ಚುರುಕು. ಆದ್ದರಿಂದ ಹೆಸರು ಹಾಕುವುದಿಲ್ಲ. ಹಾಕಿದರೆ ಅವರ ಮನೆಯವರಿಗೆ ಬೇಜಾರಾಗುತ್ತದೆ. ಮನೆಯವರಿಗೆ ಆದ ಬೇಜಾರು ಎಲ್ಲೆಲ್ಲೋ ಸುತ್ತಿ ಕೊನೆಗೆ ಅವರ ತಲೆಯ ಮೇಲೇ ಬಂದು ಕೂರುತ್ತದೆ.

ಬೀದರಿನ ಅಂಚಿಗಿರುವ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಆಫೀಸಿತ್ತು. ಈಗ ಅದು ಖಾಲಿಯಾಗಿ, ಅಲ್ಲಿ ತೊಗರಿಬೇಳೆಯ ಚೀಲ ಪೇರಿಸಿದ್ದಾರೆಂದು ಹೋದ ವಾರ ಸುದ್ದಿ ಬಂತು. ಅದನ್ನು ಕಟ್ಟಿದ್ದೇ ಗೋದಾಮಾಗಿ. ಮೂರು ಕಡೆ ಗೋಡೆ, ಒಂದು ಕಡೆ ಕಬ್ಬಿಣದ ಶಟರ್, ಕಿಟಕಿ ಎಂಬುದೇ ಇಲ್ಲ. ಎ.ಸಿ.ಯ ತಂಪು ಹೊರಗೆ ಹೋಗಬಾರದೆಂದು ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿರುತ್ತಿದ್ದರು. ಒಳಗೆ ಬರುವವರೂ ಬಗ್ಗಬೇಕು, ಹೊರಗೆ ಹೋಗುವವರೂ ಬಗ್ಗಬೇಕು. ಚೀಲಗಳಿಗೆ ಆ ಜಾಗ ಸರಿಯಾಗಿಯೇ ಇದೆ. ಅವು ಯಾವತ್ತೂ ರಜೆ ಕೇಳುವುದಿಲ್ಲ.

ಅಲ್ಲಿ ನಾವು ಬೇರೆಯವರ ಆ್ಯಪುಗಳಿಗೆ ಮುಖ ಬರೆದುಕೊಡುತ್ತಿದ್ದೆವು. ಯಾವ ಬಟನ್ ಎಲ್ಲಿರಬೇಕು, ಎಷ್ಟು ದಪ್ಪ ಇರಬೇಕು, ಅದನ್ನು ಒತ್ತಿದರೆ ಏನು ಕಾಣಬೇಕು ಎಂಬ ಕೆಲಸ. ದೊಡ್ಡ ಊರಿನ ಒಂದು ಕಂಪನಿ ನಮ್ಮ ಭಾಗದ ತತ್ವಪದ, ಚರ್ಚಿನ ಭಜನೆ, ಅಂಬೇಡ್ಕರರ ಮೇಲಿನ ಭೀಮಗೀತೆ, ಕವ್ವಾಲಿ ಎಲ್ಲವನ್ನೂ ಫೋನಿನಲ್ಲಿ ಕೇಳಿಸಲು ಹೊರಟಿತ್ತು. ಅದರ ಸ್ಕ್ರೀನುಗಳ ಕೆಲಸ ನಮಗೆ ಬಂತು. ಚಿತ್ರಿಸುವವರು ಅಕ್ಕೋರು, ಬಟನ್‌ಗಳ ಮೇಲಿನ ಮಾತು ಬರೆಯುವವಳು ನಾನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ಎಂಬುದೊಂದೇ ನನ್ನ ಅರ್ಹತೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಇವರು ಮೊದಲು ಮಿಶನ್ ಕಾಲದ ಒಂದು ಸಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಮದುವೆಯಾದ ಮೇಲೆ ಗಂಡನ ಅಣ್ಣ ಈ ಆಫೀಸು ತೆರೆದು, "ಮನಿಯಾಗ ಇಂಥಾ ಮಂದಿ ಇಟಗೊಂಡು ಹೊರಗಿನವ್ರನ್ನ ಯಾಕ ಹುಡುಕೂದು?" ಎಂದು ಸಾಲೆ ಬಿಡಿಸಿ ಕರೆತಂದರು. ಸಾಲೆ ಹೋಯಿತು, ಅಕ್ಕೋರು ಎಂಬ ಕರೆ ಉಳಿಯಿತು. ಅವರಿಗೆ ಆ ಕರೆ ಇಷ್ಟ. ಯಾರಾದರೂ ಮೇಡಂ ಎಂದರೆ ಸ್ವಲ್ಪ ತಡವಾಗಿ ತಿರುಗಿ ನೋಡುತ್ತಿದ್ದರು.

ನನ್ನ ಸಂದರ್ಶನ ಮಾಡಿದ್ದು ಅವರೇ. ಸರ್ಟಿಫಿಕೇಟು ನೋಡಲಿಲ್ಲ. ಒಂದು ಫೋನಿನಲ್ಲಿ ಹಾಡು ಹಚ್ಚಿ ಕೈಗೆ ಕೊಟ್ಟರು.

"ಕಣ್ಣ ಮುಚ್ಚು. ಈಗ ಬಂದ್ ಮಾಡು."

ನಾನು ಗಾಜಿನ ಮೇಲೆ ಎಲ್ಲೆಲ್ಲೋ ಒತ್ತಿದೆ. ಹಾಡು ಬದಲಾಯಿತು, ಸದ್ದು ಏರಿತು, ಯಾರಿಗೋ ಫೋನೂ ಹೋಯಿತು. ಹಾಡು ಮಾತ್ರ ನಿಲ್ಲಲಿಲ್ಲ. ಸೋಲುವಾಗ ವಾದಕ್ಕೆ ಇಳಿಯುವುದು ನನ್ನ ಅಭ್ಯಾಸ.

"ಕಣ್ಣ ಮುಚ್ಕೊಂಡು ಹಾಡ ಯಾರು ಕೇಳ್ತಾರ್ರಿ, ಅಕ್ಕೋರ?"

"ಎಲ್ಲಾರೂ," ಎಂದರು.

ನನಗೆ ಕೆಲಸ ಸಿಕ್ಕಿತು. ವಾದದಲ್ಲಿ ನನ್ನನ್ನು ಒಂದೇ ಮಾತಿನಲ್ಲಿ ಕೂರಿಸಿದವರ ಕೈಕೆಳಗೆ ಇರಬೇಕಾಯಿತಲ್ಲ ಎಂದು ಕೆಲವು ದಿನ ಸಿಟ್ಟೂ ಇತ್ತು.

ಹಾಡು ಶುರು ಮಾಡುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ನಿಲ್ಲಿಸುವುದು ಕೈಗೆ ತಾನಾಗಿ ಸಿಗಬೇಕು ಎಂಬುದು ಅವರ ಹಟ. ಅದಕ್ಕೊಂದು ಕಾರಣವಿತ್ತು. ಅದನ್ನು ಅವರೇ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿ ನಕ್ಕಿದ್ದರು. ಒಂದು ಭಾನುವಾರ ಚರ್ಚಿನಲ್ಲಿ ಮೌನ ಪ್ರಾರ್ಥನೆಯ ಹೊತ್ತಿಗೆ ಅವರ ಫೋನು ತಾನೇ ಒಂದು ಸಿನಿಮಾ ಹಾಡು ಶುರು ಮಾಡಿತಂತೆ. ನಿಲ್ಲಿಸುವ ಬಟನ್ ಸಿಗಲಿಲ್ಲ. ಗಾಬರಿಯಲ್ಲಿ ಫೋನನ್ನು ಬೆಂಚಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟರು. ಸದ್ದು ಅಡಗಿತು. ಆದರೆ ಮುಂದಿನ ಕೀರ್ತನೆಗೆ ಸಭೆಯೆಲ್ಲ ಎದ್ದು ನಿಂತಾಗ ಇವರು ಏಳುವಂತಿರಲಿಲ್ಲ.

"ಎದ್ದರ ಹಾಡು ಏಳ್ತದ. ಕೂತರ ಮಂದಿ ನೋಡ್ತಾರ. ಕೂತೆ. ಆರಾಧನೆ ಮುಗದ ಮ್ಯಾಲ ಪಾಸ್ಟರ್ ಬಂದು, 'ಮೊಣಕಾಲ ನೋವಾ, ಸಿಸ್ಟರ್?' ಅಂದ್ರು. ನಾ ಏನ್ ಹೇಳ್ಲಿ? ಹೂಂ ಅಂದೆ. ಅಲ್ಲೇ ನನ್ನ ಮೊಣಕಾಲ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು. ಮುಂದಿನ ವಾರ ಸಭಾದಾಗ ಕೇಳಿದ್ರು, ಹ್ಯಾಂಗದ ಈಗ ಅಂತ. ಗುಣ ಆಗೇದ ಅಂದೆ. ಎಲ್ಲಾರೂ ಸ್ತೋತ್ರ ಅಂದ್ರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಇಲ್ಲ ಎನ್ನಬೇಕಾದ ಕಡೆ ಅವರ ಬಾಯಿಂದ ಹೂಂ ಬರುತ್ತದೆ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ನಗುವಾಗ ಯಾರೂ ಗಮನಿಸುವುದಿಲ್ಲ.

ಅವರು ಕೆಲಸ ಮಾಡುವ ರೀತಿ ಬೇರೆಯೇ. ಸ್ಕ್ರೀನು ಬರೆದಾದ ಮೇಲೆ ಆಫೀಸಿನಲ್ಲಿ ಯಾರಿಗೂ ತೋರಿಸುತ್ತಿರಲಿಲ್ಲ. ಫೋನು ಚೀಲಕ್ಕೆ ಹಾಕಿ, ನನ್ನನ್ನು ಎಬ್ಬಿಸಿಕೊಂಡು ಔರಾದದ ಬಸ್ಸು ಹತ್ತುತ್ತಿದ್ದರು. ಔರಾದಕ್ಕೆ ರೈಲಿಲ್ಲ, ಹೋಗುವವರೆಲ್ಲ ಬಸ್ಸಿನಲ್ಲೇ ಹೋಗಬೇಕು. ಬಸ್ಸಿನಲ್ಲಿ ಕೂತವರಿಗೆ ಬೇರೆ ಕೆಲಸವಿಲ್ಲ. ರಸ್ತೆ ಕುಲುಕುತ್ತದೆ, ಬಿಸಿಲು ಗಾಜಿನ ಮೇಲೆ ಹೊಡೆಯುತ್ತದೆ, ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕಂಬಿ. "ಇಂಥಾದ್ರಾಗ ಸಿಕ್ಕ ಬಟನ್ ಎಲ್ಲಿ ಬೇಕಾದ್ರೂ ಸಿಗ್ತದ," ಎನ್ನುತ್ತಿದ್ದರು. ಪಕ್ಕದವರ ಕೈಗೆ ಫೋನು ಕೊಟ್ಟು, "ಜರಾ ಒಂದು ಹಾಡ ಹಚ್ಚಿ ಕೊಡ್ರಿ, ನಂಗ ತಿಳೀವಲ್ದು," ಎಂದು ಸುಮ್ಮನೆ ಕೂರುತ್ತಿದ್ದರು. ಫೋನಿನ ಕಡೆ ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದುದು ಆ ಮನುಷ್ಯನ ಹೆಬ್ಬೆರಳನ್ನು.

ಹಾಡು ನಿಲ್ಲಿಸಲು ಅವರು ಕೆಳಗಡೆ, ಹೆಬ್ಬೆರಳು ತಾನಾಗಿ ಬೀಳುವ ಕಡೆ, ಅಗಲವಾದ ಒಂದು ಬಟನ್ ಇಟ್ಟರು. ಅದರ ಮೇಲೆ ಏನು ಬರೆಯೋಣ ಎಂದಾಗ ನಾನು 'ಸಾಕು' ಎಂದೆ. ಊಟದಲ್ಲಿ ಎಲ್ಲರೂ ಹೇಳುವ ಮಾತು, ಮಗುವಿಗೂ ಗೊತ್ತು. ಅವರಿಗೂ ಹಿಡಿಸಿತು. ಬಸ್ಸು ಹತ್ತಿದೆವು.

ಪಕ್ಕದಲ್ಲಿ ಠಾಣಾ ಕುಶನೂರಿನ ಒಬ್ಬ ಅಜ್ಜಿ. ಒಂದು ತತ್ವಪದವನ್ನು ತಲೆಯಾಡಿಸುತ್ತ ಕೇಳಿದಳು. ಸಾಕು ಒತ್ತಿದಳು. ಹಾಡು ಅಲ್ಲೇ, ಸಾಲಿನ ನಡುವೆ, ತುಂಡಾಯಿತು. ಅಜ್ಜಿ ಫೋನನ್ನು ಕಿವಿಯ ಹತ್ತಿರ ಹಿಡಿದು ನೋಡಿದಳು. ಮುಖ ಕೆಂಪಾಯಿತು.

"ಏನವ್ವಾ ಇದು? ಸಾಕಂದ್ರ ಎದ್ದ ಹೋಗೂದೇನ?"

"ನೀವೇ ಸಾಕಂದ್ರಿ ಅಲ್ಲಾ, ಅಮ್ಮಾ," ಎಂದೆ ನಾನು.

"ಅನ್ನೂದು ನಮ್ಮ ಧರ್ಮ. ಮ್ಯಾಲ ಒಂದು ಹಾಕೂದು ನಿಮ್ಮ ಧರ್ಮ. ಯಾ ಊರಾಗ ಹುಟ್ಟಿದ ಫೋನಿದು?"

ಮುಂದಿನ ಸೀಟಿನವರೂ ಅಜ್ಜಿಯ ಪಕ್ಷ ಸೇರಿದರು. ನಮ್ಮ ಊರುಗಳಲ್ಲಿ ಸಾಕು ಎಂದವನ ತಟ್ಟೆಗೆ ಇನ್ನೊಂದು ರೊಟ್ಟಿ ಬೀಳದಿದ್ದರೆ ಅದು ಉಂಡ ಮನೆಯೇ ಅಲ್ಲ. ಇದು ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆದರೂ ಬಟನ್ ಮಾಡುವಾಗ ಮರೆತೆವು. ಅಕ್ಕೋರು ವಾಪಸು ಬಂದು ಹೊಸದಾಗಿ ಬರೆದರು. ಸಾಕು ಒತ್ತಿದರೆ ನಡೆಯುವ ಹಾಡು ಪೂರ್ತಿಯಾಗುತ್ತದೆ, ಮೇಲೆ ಇನ್ನೊಂದೇ ಒಂದು ಹಾಡು ಬರುತ್ತದೆ, ಅದು ಮುಗಿಯುತ್ತಿದ್ದಂತೆ ಸ್ಕ್ರೀನು ಮೆಲ್ಲಗೆ ಕತ್ತಲಾಗಿ ಸುಮ್ಮನಾಗುತ್ತದೆ. ತುರ್ತಿದ್ದವರು ಎರಡು ಸಲ ಒತ್ತಿದರೆ ಆ ಕ್ಷಣವೇ ನಿಲ್ಲುತ್ತದೆ. ಮುಂದಿನ ಸಲದ ಬಸ್ಸಿನಲ್ಲಿ ಒಬ್ಬರೂ ದೂರಲಿಲ್ಲ. ಆ ಕೊನೆಯ ಹಾಡನ್ನು ಜನ ಬೇರೆ ಥರವೇ ಕೇಳುತ್ತಿದ್ದರು, ಕೈಯಲ್ಲಿದ್ದ ಕೆಲಸ ಬಿಟ್ಟು.

ಸಂಪ್ರದಾಯ ಎಂದರೆ ಮೂಗು ಮುರಿಯುವವಳು ನಾನು. ಆದರೆ ಅಷ್ಟು ಚೆಂದದ ಬಟನನ್ನು ಆಮೇಲೆ ಎಲ್ಲೂ ನೋಡಿಲ್ಲ.

ಇಷ್ಟರಲ್ಲಿ ಭಾಲ್ಕಿಯ ಒಂದು ಸಾಲೆಯಿಂದ ಅವರಿಗೆ ಕರೆ ಬಂತು. ಕಂಪ್ಯೂಟರ್ ಕಲಿಸಲು ಬನ್ನಿ, ಸಾಲೆ ಶುರುವಾಗುವವರೆಗೆ ಜಾಗ ಹಿಡಿದಿಡುತ್ತೇವೆ ಎಂದಿದ್ದರು. ಅಕ್ಕೋರಿಗೆ ಹೋಗಬೇಕಿತ್ತು. ನನ್ನ ಹತ್ತಿರ ಹೇಳುವಾಗ ಸೀಮೆಸುಣ್ಣ ಹಿಡಿದವರಂತೆ ಬೆರಳು ಆಡುತ್ತಿದ್ದವು. ಮನೆಯಲ್ಲಿ ಹೇಳಿದಾಗ ಭಾವ, ಎಂದರೆ ನಮ್ಮ ಮಾಲೀಕರು, ಬೇಡ ಎನ್ನಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ. "ಈ ಆ್ಯಪ್ ಒಂದು ಮುಗೀಲಿ. ಆಮ್ಯಾಲ ನೀವು ಆರಾಮ ಹೋಗ್ರಿ," ಎಂದರು.

ಆ್ಯಪು ಮುಗಿಯುವ ವಸ್ತುವಲ್ಲ. ಬಣ್ಣ ಬದಲಾಯಿತು, ಒಂದು ತಿಂಗಳು ಹೋಯಿತು. ಹಾಡು ಹುಡುಕುವ ಸ್ಕ್ರೀನು ಬದಲಾಯಿತು, ಇನ್ನೊಂದು ಹೋಯಿತು. ಪ್ರತಿಸಲ ಅಕ್ಕೋರು, "ಸಾಕಲ್ರೀ ಭಾವಾ, ಇನ್ನ ಹೋಗ್ತೇನಿ," ಎನ್ನುವರು. ಪ್ರತಿಸಲ ಅವರು ನಗುತ್ತ, "ಇದೊಂದು," ಎನ್ನುವರು.

ನನಗೆ ತಡೆಯಲಾಗಲಿಲ್ಲ. "ರಾಜೀನಾಮೆ ಬರದು ಕೊಟ್ಟಬಿಡ್ರಿ. ಕಾನೂನು ನಿಮ್ಮ ಕಡೆ ಅದ."

"ಯಾರಿಗಿ ಕೊಡ್ಲಿ, ತಂಗಿ? ಮುಂಜಾನಿ ಅವ್ರಿಗೇ ಚಾ ಕೊಡ್ತೇನಿ. ಸಂಜಿಗಿ ಅವ್ರಿಗೇ ರೊಟ್ಟಿ ಹಾಕ್ತೇನಿ. ನಡುವ ರಾಜೀನಾಮೆ ಯಾವಾಗ ಕೊಡೂದು, ಚಾದ ಸಂಗಾಟ?"

ಮಾಲೀಕನನ್ನು ಬಿಟ್ಟು ಹೋಗಬಹುದು. ಅವನೇ ಮನೆಯ ಹಿರಿಯನಾದರೆ ಬಿಟ್ಟು ಎಲ್ಲಿಗೆ ಹೋಗುವುದು?

ಸಾಲೆ ಶುರುವಾಗುವ ದಿನ ಹತ್ತಿರ ಬಂತು. ಆಗ ಕಂಪನಿಯವರು ಸಾಕು ಬಟನ್ ನೋಡಿದರು. ಕಂಪ್ಯೂಟರಿನ ಪರದೆಯಲ್ಲಿ ಒಬ್ಬ ನಯವಾದ ಹುಡುಗ ಕಾಣಿಸಿಕೊಂಡು ಹೇಳಿದ: "ಮೇಡಂ, ಐಡಿಯಾ ತುಂಬಾ ಚೆನ್ನಾಗಿದೆ. ಸಾಕು ಅಂದ್ರೆ ಇನ್ನೊಂದು ಹಾಡು! ಆದ್ರೆ ಅದಾದ್ಮೇಲೆ ಯಾಕೆ ನಿಲ್ಲಿಸ್ಬೇಕು? ಇನ್ನೊಂದು, ಮತ್ತೊಂದು, ಹಾಗೇ ಹೋಗ್ತಾ ಇರ್ಲಿ. ಎರಡು ಸಲ ಒತ್ತೋದೂ ಬೇಡ. ಜನ ಎದ್ದು ಹೋಗ್ಬಾರ್ದು ಅಷ್ಟೆ."

ಅಕ್ಕೋರು ನನ್ನ ಕಡೆ ನೋಡಿದರು. ನಾನು ಎದ್ದೆ. ಕಾಲೇಜಿನ ಮೈಕಿನ ಮುಂದೆ ನಿಂತಂತೆಯೇ ನಿಂತೆ. ಸಾಕು ಎಂದವರಿಗೆ ಒಂದು ಹೆಚ್ಚಿಗೆ ಬಡಿಸುವುದು ಪ್ರೀತಿ, ಬಡಿಸುತ್ತಲೇ ಇರುವುದು ಬಾಗಿಲು ಹಾಕಿಕೊಂಡಂತೆ ಎಂದೆ. ಆ ಒಂದು ರೊಟ್ಟಿಗೆ ಬೆಲೆ ಬಂದದ್ದು ಅದು ಕೊನೆಯದು ಎಂದು ಇಬ್ಬರಿಗೂ ಗೊತ್ತಿರುವುದರಿಂದ ಎಂದೆ. ನಿಲ್ಲುವುದಿಲ್ಲ ಎಂದು ಗೊತ್ತಾದ ದಿನ ಜನ ಬಟನನ್ನಲ್ಲ, ನಿಮ್ಮ ಆ್ಯಪನ್ನೇ ಅಳಿಸುತ್ತಾರೆ ಎಂದೆ. ಆ ಹುಡುಗ ಪೂರ್ತಿ ಕೇಳಿದ. ಚಪ್ಪಾಳೆಯನ್ನೂ ತಟ್ಟಿದ.

"ಸೂಪರ್ ಪಾಯಿಂಟ್ಸ್. ನಾನು ಒಪ್ತೀನಿ. ಆದ್ರೆ ಮೇಲಿನವರು ತೀರ್ಮಾನ ಮಾಡಿಬಿಟ್ಟಿದ್ದಾರೆ."

ಅಷ್ಟು ಸಲೀಸಾಗಿ ನಾನು ಯಾವ ಚರ್ಚೆಯನ್ನೂ ಗೆದ್ದಿರಲಿಲ್ಲ. ಅಷ್ಟು ಪೂರ್ತಿಯಾಗಿ ಸೋತೂ ಇರಲಿಲ್ಲ.

ಈಗ ಅಕ್ಕೋರ ಮುಂದೆ ಎರಡೇ ದಾರಿ ಉಳಿದವು. ಆ ನಿಲ್ಲದ ಬಟನ್ ಬರೆದುಕೊಟ್ಟರೆ ಆ್ಯಪು ಬಿಡುಗಡೆಯಾಗುತ್ತದೆ, ಅವರು ಭಾಲ್ಕಿಗೆ ಹೋಗಬಹುದು. ಬರೆಯುವುದಿಲ್ಲ ಎಂದು ಹಟ ಹಿಡಿದರೆ ಕೆಲಸ ಎಳೆಯುತ್ತದೆ, ಸಾಲೆಯ ಜಾಗ ಬೇರೆಯವರಿಗೆ ಹೋಗುತ್ತದೆ. ಅಂದರೆ ಬೇರೆಯವರು ಎದ್ದು ಹೋಗುವ ದಾರಿ ಮುಚ್ಚಿದರೆ ಮಾತ್ರ ಇವರು ಎದ್ದು ಹೋಗಬಹುದು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಪಕ್ಷ ಬದಲಿಸಿದೆ. "ಬರದು ಕೊಟ್ಟ ಹೋಗ್ರಿ, ಅಕ್ಕೋರ. ನೀವು ಬರೀಲಿಲ್ಲಂದ್ರ ಇನ್ನೊಬ್ರು ಬರೀತಾರ. ಹಾಡ ಅಂತೂ ನಿಲ್ಲಲ್ಲ, ನೀವರೆ ಹೋಗ್ರಿ."

"ನಿನ್ನೆ ಆ ಕಡಿ ಮಾತಾಡ್ದಿ, ಇವತ್ತ ಈ ಕಡಿ. ಎರಡೂ ಖರೆ ಅನ್ನಂಗ ಮಾತಾಡ್ತಿ."

"ಎರಡೂ ಖರೆ ಅವ."

"ಅದಕ್ಕs ನಂಗ ನಿದ್ದಿ ಹತ್ತಲ್ದು," ಎಂದರು.

ಮಾರನೆಯ ದಿನ ಬರೆದುಕೊಟ್ಟರು. ಕೋಪವಿಲ್ಲದೆ, ಎಂದಿನಂತೆ ನೀಟಾಗಿ, ಅಂಚುಗಳನ್ನು ದುಂಡಗೆ ಮಾಡಿ. ಒಂದೇ ಒಂದು ಕೇಳಿಕೊಂಡರು, ಅದೂ ಕಂಪನಿಯವರನ್ನಲ್ಲ, ನನ್ನನ್ನು. "ಅದರ ಮ್ಯಾಲ ಸಾಕು ಅಂತ ಬ್ಯಾಡ. ಬ್ಯಾರೆ ಏನರೆ ಬರಿ. ಆ ಮಾತ ನಂಬಿ ಮಂದಿ ಒತ್ತತಾರ." ನಾನು ಅಳಿಸಿ 'ಮುಂದೆ' ಎಂದು ಬರೆದೆ. ಕಂಪನಿಯಲ್ಲಿ ಯಾರೂ ಗಮನಿಸಲಿಲ್ಲ.

ಆ್ಯಪು ಹೊರಬಂದ ಖುಷಿಗೆ ಆಫೀಸಿನಲ್ಲೇ ಊಟ. ಮೇಜುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರು. ಪಾಸ್ಟರ್ ಬಂದು ಪ್ರಾರ್ಥನೆ ಮಾಡಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಟನ್. ಮನೆಯ ಹೆಂಗಸರು ಬಡಿಸಲು ನಿಂತರು. ಆ್ಯಪಿನ ಮುಖ ಬರೆದ ಅಕ್ಕೋರೂ ಬುಟ್ಟಿ ಹಿಡಿದು ರೊಟ್ಟಿ ಹಾಕುತ್ತಿದ್ದರು. ಭಾವ ಒಂದು ತುತ್ತು ನುಂಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಕಂಪನಿಯವ್ರು ಭಾಳ ಖುಷಿ ಆಗ್ಯಾರ. ಎರಡನೇ ಆವೃತ್ತಿ ಸೈತ ನಮಗs ಕೊಟ್ಟಾರ. ನಮ್ಮ ಅಕ್ಕೋರs ನೋಡ್ಕೋತಾರ."

ಚಪ್ಪಾಳೆ. ನಾನು ಅಕ್ಕೋರ ಮುಖ ನೋಡಿದೆ. ಅವರು ಸಾಲಿನಲ್ಲಿ ನಡೆದು ಭಾವನ ಮುಂದೆ ಬಂದು ರೊಟ್ಟಿ ಎತ್ತಿದರು. ಭಾವ ಎಲ್ಲರಂತೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕು, ಸಾಕು," ಎಂದರು.

ಅಕ್ಕೋರು ರೊಟ್ಟಿಯನ್ನು ಬುಟ್ಟಿಗೆ ವಾಪಸಿಟ್ಟು ಪಕ್ಕದವರ ಕಡೆ ಹೋದರು.

ಭಾವ ಬೆರಳ ಸಂದಿಯಿಂದ ರೊಟ್ಟಿ ಬೀಳುವುದನ್ನು ಕಾಯುತ್ತ ಹಾಗೇ ಕೂತಿದ್ದರು. ಬೀಳಲಿಲ್ಲ. ಕೈ ತೆಗೆದು ನೋಡಿದರು. ತಟ್ಟೆಯಲ್ಲಿ ಮಟನ್ ಇತ್ತು, ರೊಟ್ಟಿ ಇರಲಿಲ್ಲ.

"ಅರೆ, ರೊಟ್ಟಿ?"

"ಸಾಕಂದ್ರಿ ಅಲ್ಲಾ, ಭಾವಾ."

"ಅಂದೆ. ಅನ್ನೂದs ಅಲ್ಲಾ ಹಂಗ?"

"ನಾನೂ ಅಂದೇನಿ. ನಂದು ಖರೆ ಇತ್ತು."

ನಗು ಅರ್ಧಕ್ಕೆ ನಿಂತಿತು. ಪಾಸ್ಟರ್ ನೀರು ಕುಡಿದರು. ಅಕ್ಕೋರು ವಾಪಸು ಬಂದು ಎರಡು ರೊಟ್ಟಿ ಭಾವನ ತಟ್ಟೆಗೆ ಮೆಲ್ಲಗೆ ಇಟ್ಟರು. "ಸೋಮವಾರ ಸಾಲಿ ಸುರು ಆಗ್ತದ್ರಿ. ಹೋಗ್ತೇನಿ."

ಭಾವ ರೊಟ್ಟಿ ಮುರಿದರು. ಬಹಳ ಹೊತ್ತು ಅಗಿದರು. "ಹೋಗ್ರಿ. ಯಾರ ಬ್ಯಾಡಂದಾರ? ಆದ್ರ ಶನಿವಾರ ಒಂದೀಟ ಬಂದು ನೋಡಿ ಹೋಗ್ರಿ."

"ಶನಿವಾರ ಅರ್ಧ ದಿನ ಸಾಲಿ ಇರ್ತದ, ಭಾವಾ."

"ಅದಕ್ಕs ಅಂದೆ. ಮಧ್ಯಾಹ್ನದ ಮ್ಯಾಲ ಖಾಲಿ ಇರ್ತೀರಲ್ಲ."

ನಾನು ಬಾಯಿ ತೆರೆದೆ. ಅಕ್ಕೋರು ನನ್ನ ತಟ್ಟೆಗೆ ರೊಟ್ಟಿ ಹಾಕಿ ಮುಂದಕ್ಕೆ ಹೋದರು, ಬಾಯಿ ಮುಚ್ಚಿಸಿದ ಹಾಗೆ.

ಹೀಗೆ ವಾರಕ್ಕೆ ಐದೂವರೆ ದಿನ ಭಾಲ್ಕಿಗೂ ಅರ್ಧ ದಿನ ಗೋದಾಮಿಗೂ ಹಂಚಿಹೋದರು. ಶನಿವಾರ ರೈಲಿಳಿದು ಆಟೋದಲ್ಲಿ ಬರುವರು. ಸೆರಗಿನ ತುದಿಯಲ್ಲಿ ಸೀಮೆಸುಣ್ಣದ ಬಿಳಿ. ಕುರ್ಚಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಾವು ತೋರಿಸಿದ ಸ್ಕ್ರೀನುಗಳನ್ನು ನೋಡುವರು. ಮೌಸು ಮುಟ್ಟುತ್ತಿರಲಿಲ್ಲ. ಎಲ್ಲದಕ್ಕೂ ಒಂದೇ ಮಾತು: "ಚಲೋ ಅದ." ಚೆನ್ನಾಗಿದ್ದುದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ. ಮೊದಮೊದಲು ಭಾವ ಹಿಗ್ಗಿದರು. ಬರಬರುತ್ತ ಕಂಪನಿಯಿಂದ ದೂರುಗಳು ಬಂದವು. ಅಕ್ಕೋರು ನೋಡಿ ಒಪ್ಪಿದ್ದಾರೆ ಎಂದರೆ ಆ ಕಡೆಯವರು ಸುಮ್ಮನಾಗುವರು, ಈ ಕಡೆ ಭಾವ ಹಣೆ ಒತ್ತಿಕೊಳ್ಳುವರು.

ನನಗೆ ಅನುಮಾನ. ಇಷ್ಟು ಬೇಗ ಕಣ್ಣು ಹೋಗಲು ಸಾಧ್ಯವೇ? ಎರಡನೇ ಆವೃತ್ತಿಗೆ ಕಂಪನಿಯವರು ಹಾಡು ನಿಲ್ಲಿಸುವ ಬಟನ್ ಒಂದನ್ನು ಒಪ್ಪಿದ್ದರು. ಒಂದು ಶನಿವಾರ ಬೇಕೆಂದೇ ಆ ಸ್ಕ್ರೀನು ಕೆಡಿಸಿ ಇಟ್ಟೆ. ಕೆಳಗೆ ಜಾಹೀರಾತಿನ ಪಟ್ಟಿಯೊಂದು ಬಂದು ಹಾಡು ನಿಲ್ಲಿಸುವ ಜಾಗವನ್ನು ಪೂರ್ತಿ ಮುಚ್ಚುತ್ತದೆ. ಹೆಬ್ಬೆರಳು ಇಟ್ಟರೆ ಜಾಹೀರಾತೇ ತೆರೆಯುತ್ತದೆ. ಭಾವ ಪಕ್ಕದಲ್ಲೇ ನಿಂತಿದ್ದರು. ಅಕ್ಕೋರು ನೋಡಿದರು. ಬಲಗೈಯ ಬೆರಳು ಮಡಿಲಿನಿಂದ ತಾನಾಗಿ ಎದ್ದು ಪರದೆಯ ಕಡೆ ಅರ್ಧ ದಾರಿ ಹೋಯಿತು. ಎಡಗೈ ಅದನ್ನು ಹಿಡಿದು ಕೂರಿಸಿತು.

"ಚಲೋ ಅದ, ತಂಗಿ."

ಆ ತಪ್ಪು ಭಾವನಿಗೂ ಕಂಡಿತ್ತು. ಅಷ್ಟು ದೊಡ್ಡದಿತ್ತು. ಅವರು ತಮ್ಮನ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮನೆಯಲ್ಲಿ ಮಾತಾಡುವ ಮೆತ್ತನೆಯ ದನಿಯಲ್ಲಿ, "ಮುಂದಿನ ಶನಿವಾರ ಬ್ಯಾಡ ಬಿಡ್ರಿ. ಅಷ್ಟು ದೂರದಿಂದ ಬರೂದು ನಿಮಗ ತಕಲೀಫ್ ಆಗ್ತದ," ಎಂದರು.

"ಹೂಂ ರೀ, ಭಾವಾ."

ಕಳಿಸಿ ಬರಲು ನಾನು ಹೊರಗೆ ಹೋದೆ. ಅಕ್ಕೋರು ಚಪ್ಪಲಿ ಮೆಟ್ಟಲು ಬಗ್ಗಿದವರು ಅಲ್ಲೇ ಸ್ವಲ್ಪ ಹೊತ್ತು ತಡೆದರು, ಪಟ್ಟಿ ಸಿಗದವರಂತೆ. ಒಳಗಡೆ ಭಾವ ಫೋನಿನಲ್ಲಿ ಮಾತಾಡತೊಡಗಿದ್ದು ಕೇಳಿಸಿತು. ಅಕ್ಕೋರು ಮುಖ ಎತ್ತದೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು:

"ಆ ಜಾಹೀರಾತ ಮ್ಯಾಲಕ ಸರಸು, ತಂಗಿ. ನಿಲ್ಲಸೂ ಬಟನ್ ಮುಚ್ಚೇದ. ಈಗ ಅಲ್ಲ, ಅವ್ರು ಮನಿಗಿ ಹೋದ ಮ್ಯಾಲ."